ಎಬಿಎಸ್ ದೀಪಕ್ಕೆ ಟೇಪ್ ಅಂಟಿಸಿದ ಕೈಗಳಿಗೆ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ, ಬರೆದೇ ಬಿಡ್ತೀನಿ.

ಚಿಕ್ಕಪ್ಪನ ಮಗ ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ಆಲ್ದೂರಿಗೆ ಬಂದಿದ್ದ. "ಅಕ್ಕಾ, ಒಂದ್ಸಲ ನೋಡು" ಅಂದ. ಕೀ ಆನ್ ಮಾಡಿದೆ. ಆಯಿಲ್, ಬ್ಯಾಟರಿ, ಎಂಜಿನ್ ದೀಪ ಎಲ್ಲ ಹತ್ತಿದವು, ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ದೀಪ ಮಾತ್ರ ಇಲ್ಲ. ಸರಿಯಿರೋ ಗಾಡಿಯಲ್ಲಿ ಅದು ಕೆಲವು ಸೆಕೆಂಡ್ ಹತ್ತಿ ಆರಬೇಕು. ಮೀಟರ್ ಬಿಚ್ಚಿದರೆ ದೀಪದ ಮೇಲೆ ನೀಟಾಗಿ ಕತ್ತರಿಸಿದ ಕಪ್ಪು ಟೇಪಿನ ತುಂಡು. ಮಾರಿದವನು ಹೇಳಿಲ್ಲ. ಅಷ್ಟು ಅಚ್ಚುಕಟ್ಟಾಗಿ ಅಂಟಿಸಿದ ಕೈಗೆ ಎರಡು ವೈರು ಜೋಡಿಸೋಕೆ ಏನಾಗಿತ್ತು?

ಹೋದ ಮಳೆಗಾಲದಲ್ಲಿ ನನ್ನ ಕಾರಿಗೂ ಇದೇ ದೀಪ ಹತ್ತಿತ್ತು. ಚಿಕ್ಕಮಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಅಂದಿದ್ದು: "ವೈರಿಂಗ್ ಪೂರ್ತಿ ಚೇಂಜ್ ಮಾಡ್ಬೇಕು ಮೇಡಂ. ಬೇಡ ಅಂದ್ರೆ ಲೈಟ್ ಬರದ ಹಾಗೆ ಮಾಡ್ಕೊಡ್ತೀವಿ, ಬ್ರೇಕ್ ಹಿಡಿಯುತ್ತಲ್ಲ." ಹಿಡಿಯುತ್ತೆ, ನಿಜ. ಆದರೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ಮಂಜಿನಲ್ಲಿ, ಒದ್ದೆ ಎಲೆ ಮೆತ್ತಿದ ತಿರುವಿನಲ್ಲಿ ಜೋರಾಗಿ ಬ್ರೇಕ್ ಒತ್ತಿ ನೋಡಿ. ಚಕ್ರ ಲಾಕ್ ಆದರೆ ಸ್ಟೇರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಜಾರುತ್ತೆ. ಅದನ್ನು ತಡೆಯೋಕೇ ಪ್ರತಿ ಚಕ್ರದ ಹತ್ತಿರ ಅದರ ವೇಗ ಅಳೆಯೋ ಒಂದು ಸೆನ್ಸರ್ ಇರೋದು. ಒಂದು ಚಕ್ರದ ಲೆಕ್ಕ ತಪ್ಪಿದರೂ ಎಬಿಎಸ್ ಸುಮ್ಮನಾಗುತ್ತೆ, ದೀಪ ಹತ್ತಿಸಿ ನಮಗೆ ಹೇಳುತ್ತೆ. ಆ ಒಂದು ಮಾತನ್ನೂ ಮುಚ್ಚಿಡೋದಾ? 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಮಾಡಿದ್ದು ಟೇಪ್ ಅಂಟಿಸೋಕಲ್ಲ.

ಅಪ್ಪನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಬೆಳೆದವಳು ನಾನು, ನಿಮಗೆಲ್ಲ ಗೊತ್ತು. ಆಗ ನನ್ನ ಕಾರಿಗೆ ನಾನೇ ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಮುಂದಿನ ಎಡ ಚಕ್ರ ಬಿಚ್ಚಿದೆ. ಸೆನ್ಸರ್ ವೈರಿನ ಎರಡೂ ಕಡೆಯ ಕನೆಕ್ಟರ್ ತೆಗೆದು ಮಲ್ಟಿಮೀಟರ್ (ವೈರು ತುಂಡಾಗಿಲ್ಲ ಅಂದ್ರೆ ಬೀಪ್ ಅನ್ನೋ ಮೀಟರ್) ಇಟ್ಟು ಅಲುಗಾಡಿಸಿದರೆ ಬೀಪ್ ಬಿಟ್ಟು ಬಿಟ್ಟು ಬರ್ತಿತ್ತು. ಶಾಕ್ ಅಬ್ಸಾರ್ಬರ್ ಪಕ್ಕ, ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಬಾಗೋ ಜಾಗ. ಹೊರಗಿನ ಸಿಪ್ಪೆ ಚೆನ್ನಾಗೇ ಇತ್ತು. ಮೆಲ್ಲಗೆ ಎಳೆದರೆ ವೈರು ರಬ್ಬರಿನ ಹಾಗೆ ಉದ್ದ ಆಯ್ತು. ಒಳಗೆ ತಾಮ್ರ ತುಂಡಾಗಿ, ಹಸಿರು ಪುಡಿಯಾಗಿತ್ತು.

ಅಲ್ಲೇ ಕತ್ತರಿಸಿ ಅಲ್ಲೇ ಗಂಟು ಹಾಕಬೇಡಿ. ಬಾಗೋ ಜಾಗದಲ್ಲಿ ಜಾಯಿಂಟ್ ನಿಲ್ಲಲ್ಲ. ಹೊಳೆಯೋ ತಾಮ್ರ ಸಿಗೋವರೆಗೆ ಹಿಂದೆ ಕತ್ತರಿಸಿ, ಆ ಇಡೀ ಭಾಗಕ್ಕೆ ಅದೇ ದಪ್ಪದ, ಸಣ್ಣ ಎಳೆಗಳ ಆಟೋ ವೈರು ಕೊಟ್ಟೆ. ಜಾಯಿಂಟುಗಳು ಕ್ಲಿಪ್ ಹಿಡಿದಿರೋ, ಅಲುಗಾಡದ ಕಡೆ ಬರಬೇಕು. ಎರಡು ವೈರಿನ ಜಾಯಿಂಟ್ ಅಕ್ಕಪಕ್ಕ ಬರಬಾರದು, ಹಿಂದೆ ಮುಂದೆ ಇರಲಿ. ಮೊದಲಿನ ಹಾಗೇ ಎರಡನ್ನೂ ಹೆಣೆದೆ. ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಒತ್ತಿ), ಒಳಗೆ ಅಂಟು ಇರೋ, ಬಿಸಿಗೆ ಕುಗ್ಗೋ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ಬಿಸಿ ಕೊಟ್ಟಾಗ ಎರಡೂ ತುದಿಯಲ್ಲಿ ಅಂಟು ಮಣಿಯ ಹಾಗೆ ಉಬ್ಬಿ ಬಂತು. ನೀರು ಇನ್ನು ಒಳಗೆ ಹೋಗಲ್ಲ. ಸಾಮಾನಿಗೆ ಖರ್ಚು ₹180.

"ಬ್ರೇಕಿನ ವಿಷಯ, ಮನೇಲಿ ಕೈ ಹಾಕಬಾರದು" ಅಂತ ನಮ್ಮೆಜಮಾನ್ರೂ ಅಂದ್ರು. ಬ್ರೇಕ್ ಪೈಪಿಗೆ, ಡಿಸ್ಕ್ ಒತ್ತಿ ಹಿಡಿಯೋ ಕ್ಯಾಲಿಪರಿಗೆ ನಾನು ಕೈ ಹಾಕಲ್ಲ, ನೀವೂ ಹಾಕಬೇಡಿ. ಇದು ಸಿಗ್ನಲ್ ವೈರು. ಕೆಲಸ ಮುಗಿದ ಮೇಲೆ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ವೈರು ಬಿಗಿಯಾಗಲ್ಲ, ಟೈರಿಗೆ ತಾಗಲ್ಲ ಅಂತ ನೋಡಿದೆ. ಎಬಿಎಸ್ ಓದೋ ಸ್ಕ್ಯಾನರಿನಲ್ಲಿ ನಾಲ್ಕೂ ಚಕ್ರದ ವೇಗ ಒಂದೇ ಬಂತು. ಕೈ ಹಾಕಬಾರದು ಅನ್ನೋರು ಕೈ ಹಾಕಿ ಸರಿ ಮಾಡಿದ್ದರೆ ನಾನ್ಯಾಕೆ ಚಕ್ರ ಬಿಚ್ತಿದ್ದೆ?

ಒಂದು ಹೇಳ್ಬೇಕು. ರಿಪೇರಿಗೆ ಮುಂಚೆ ಮೂರು ವಾರ ಆ ದೀಪ ಹತ್ತಿಸಿಕೊಂಡೇ ಮಗಳನ್ನು ಸ್ಕೂಲಿಗೆ ಬಿಟ್ಟು ಬರ್ತಿದ್ದೆ. ಬ್ರೇಕ್ ಹಿಡಿಯುತ್ತಲ್ಲ ಅಂತ ನಾನೂ ನನಗೆ ಹೇಳ್ಕೊಂಡಿದ್ದೆ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ತಮ್ಮನ ಕಾರಿನ ಟೇಪ್ ಇವತ್ತೇ ಕಿತ್ತೆ. ದೀಪ ಹತ್ತಿದ್ದು ಆರಲೇ ಇಲ್ಲ. ಭಾನುವಾರ ಚಕ್ರ ಬಿಚ್ತೀವಿ.