ಬಾಗಿಲಿಲ್ಲದ ಕೋಣೆಗೆ ಬಾಡಿಗೆ ಜಾಸ್ತಿ

ಅತ್ತೆ ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಲ್ಯಾಪ್‌ಟಾಪಿಗೆ ಮೂಗು ತಾಗುವಷ್ಟು ಬಗ್ಗಿ ಮೆಕ್ಸಿಕೋದ ಒಂದು ಹೋಟೆಲ್ ಕೋಣೆಯ ಫೋಟೋ ನೋಡಿದರು. ಸುಣ್ಣದ ಬಿಳಿ ಗೋಡೆ. ಸೊಳ್ಳೆಪರದೆ ಇಳಿಬಿಟ್ಟ ಮಂಚ. ಮಂಚದಿಂದ ನಾಲ್ಕು ಹೆಜ್ಜೆಗೆ ಸಿಮೆಂಟಿನ ಸ್ನಾನದ ತೊಟ್ಟಿ. ತೊಟ್ಟಿಯ ಹಿಂದೆ ಎದೆಮಟ್ಟದ ಗೋಡೆ. ಗೋಡೆಯ ಪಕ್ಕದಿಂದ ಕಮೋಡು ಇಣುಕುತ್ತಿತ್ತು.

"ಎಲ್ಲಾ ಚೆನ್ನಾಗಿದೆ. ಬಾಗಿಲು ಎಲ್ಲಮ್ಮಾ?"

ಹುಡುಕಿದೆ. ದಾಸವಾಳದ ಫೋಟೋ ಇತ್ತು. ಎಳನೀರಿಗೆ ಸ್ಟ್ರಾ ಹಾಕಿದ ಫೋಟೋ ಇತ್ತು. ಮರಳಿನ ಮೇಲೆ ಯಾರದೋ ಅಂಗಾಲಿನ ಫೋಟೋ ಇತ್ತು. ಬಾಗಿಲು ಇರಲಿಲ್ಲ. ಹೋಟೆಲಿನವರಿಗೇ ಬರೆದು ಕೇಳಿದೆ. ಗಾಳಿ, ಬೆಳಕು ತಡೆಯಿಲ್ಲದೆ ಹರಿದಾಡಲಿ ಎಂದೇ ಬಾಗಿಲು ಇಟ್ಟಿಲ್ಲ ಎಂದು ಬಹಳ ಪ್ರೀತಿಯಿಂದ ಉತ್ತರ ಬಂತು. ಕಕ್ಕಸಿನಿಂದ ಹರಿದಾಡುವುದು ಗಾಳಿ, ಬೆಳಕು ಮಾತ್ರ ಅಲ್ಲ ಅಲ್ವಾ? ಅದನ್ನು ಮರ್ಯಾದಸ್ಥ ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೋ ತಿಳಿಯದೆ ಸುಮ್ಮನಾದೆ.

ಹ್ಯೂಸ್ಟನ್‌ನಲ್ಲಿ ಇರುವವರಿಗೆ ರಜೆ ಎಂದರೆ ಮೊದಲು ನೆನಪಾಗುವುದು ಮೆಕ್ಸಿಕೋ. ಅಲ್ಲಿಯ ಕಡಲತೀರದ ಊರು ಕಾನ್‌ಕೂನ್‌ಗೆ ನೇರ ವಿಮಾನ ಇದೆ. ಒಂದು ಸಿನಿಮಾ ಮುಗಿಯುವಷ್ಟರಲ್ಲಿ ಇಳಿದಿರುತ್ತೀರಿ. ಪಾಸ್‌ಪೋರ್ಟಿನಲ್ಲಿ ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ಭಾರತೀಯರಿಗೆ ಮೆಕ್ಸಿಕೋದ ವೀಸಾ ಬೇರೆ ಬೇಕಿಲ್ಲ. ಅತ್ತೆಯ ವಿಸಿಟರ್ ವೀಸಾ ಇನ್ನೂ ಎಷ್ಟೋ ವರ್ಷ ಇದೆ. ಹಾಗಾಗಿ ಈ ಬಾರಿ ಅವರನ್ನೂ ಕರೆದುಕೊಂಡು ಹೋಗೋಣ ಎಂದಾಯಿತು. ದೊಡ್ಡ ರೆಸಾರ್ಟು ಮಾತ್ರ ಬೇಡ ಎಂದು ನಮ್ಮನೆಯವರು ಮೊದಲೇ ಹೇಳಿಬಿಟ್ಟರು. ಅಲ್ಲಿ ಕೈಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟುತ್ತಾರೆ. ಬೆಳಿಗ್ಗೆ ಆರು ಗಂಟೆಗೇ ಜನ ಎದ್ದು, ನಮ್ಮ ಕೆಂಪು ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದ ಹಾಗೆ, ಈಜುಕೊಳದ ಕುರ್ಚಿಗಳಿಗೆ ಟವೆಲ್ ಹಾಸಿ ಮತ್ತೆ ಹೋಗಿ ಮಲಗುತ್ತಾರೆ. ಅದೂ ಅಲ್ಲದೆ ಕಾನ್‌ಕೂನ್ ಎಂಬುದೇ ಮೆಕ್ಸಿಕೋದ ಕೇಂದ್ರ ಬ್ಯಾಂಕಿನವರು 1960ರ ದಶಕದ ಕೊನೆಯಲ್ಲಿ ಲೆಕ್ಕ ಹಾಕಿ, ಡಾಲರ್ ಬರಲಿ ಎಂದು ಆರಿಸಿದ ಜಾಗ. ಮೊದಲ ಹೋಟೆಲುಗಳು ತೆರೆದದ್ದು 1974ರ ಹೊತ್ತಿಗೆ. "ಬ್ಯಾಂಕಿನವರು ಕಟ್ಟಿಸಿದ ಊರಿನಲ್ಲಿ ನಮಗೇನು ಕೆಲಸ?" ಎಂದು ಇವರ ವಾದ. ಇವರಿಗೆ ಸಂಬಳ ಬರುವುದೂ ಒಂದು ಬ್ಯಾಂಕಿನಿಂದಲೇ.

ಸರಿ, ಪುಟ್ಟದಾಗಿ ಇರಲಿ. ಹತ್ತು ಹನ್ನೆರಡು ಕೋಣೆ, ಎದುರಿಗೆ ಕಡಲು.

ಅದೇ ಕರಾವಳಿಯ ತುಲುಮ್‌ನಿಂದ ಶುರು ಮಾಡಿದೆವು, ಎಲ್ಲರೂ ಶುರು ಮಾಡುವುದೇ ಅಲ್ಲಿಂದ. ಒಂದು ಕಡೆ ಕಾಡು, ಒಂದು ಕಡೆ ಕಡಲು, ಮಧ್ಯೆ ಕಿರಿದಾದ ಒಂದೇ ರಸ್ತೆ. ಆ ರಸ್ತೆಯುದ್ದಕ್ಕೂ ಹುಲ್ಲಿನ ಮಾಡು ಹೊದಿಸಿದ ಹೋಟೆಲುಗಳು. ಎಲ್ಲದರ ಹೆಸರಿನ ಹಿಂದೆಯೋ ಮುಂದೆಯೋ 'ಇಕೋ' ಎಂಬ ಬಾಲ. ಟಿವಿ ಇಲ್ಲ, ಫೋನಿಲ್ಲ, ಕೆಲವು ಕಡೆ ಎಸಿಯೂ ಇಲ್ಲ. ಒಂದೊಂದು ವಸ್ತು ಕಮ್ಮಿಯಾದ ಹಾಗೆಲ್ಲ ಬಾಡಿಗೆ ಏರುತ್ತಾ ಹೋಗುತ್ತದೆ. ಪ್ರಕೃತಿಯ ಮಡಿಲು ಎಂದು ಬರೆದುಕೊಂಡವರು ಬರೆಯದೆ ಬಿಟ್ಟದ್ದು ಒಂದಿದೆ. ಆ ಕಡಲ ರಸ್ತೆಗೆ ವರ್ಷಗಟ್ಟಲೆ ಸರ್ಕಾರದ ಕರೆಂಟು ಲೈನೇ ಇರಲಿಲ್ಲ. ಬಹಳ ಹೋಟೆಲುಗಳು ನಡೆದದ್ದು ಡೀಸೆಲ್ ಜನರೇಟರಿನ ಮೇಲೆ. ಮುಂದೆ ಅಲೆಗಳ ಸದ್ದು, ಹಿಂದೆ ಜನರೇಟರಿನ ಸದ್ದು. ನಲ್ಲಿ ತಿರುಗಿಸಿದರೆ ಉಪ್ಪುಪ್ಪು ನೀರು. ಇಷ್ಟನ್ನೆಲ್ಲ ಸಹಿಸಬಹುದಿತ್ತು. ನಮಗೆ ಹಿಡಿಸಿದ ಹೋಟೆಲಿನಲ್ಲಿ ಮಕ್ಕಳಿಗೆ ಪ್ರವೇಶ ಇಲ್ಲ. ನಾಯಿಗೆ ಇದೆ. ಮಗಳು ಇದನ್ನು ಓದಿ, "ಹಾಗಾದರೆ ನಾನು ನಾಯಿ ಅಂತ ಬರ್ತೀನಿ" ಎಂದಳು. ಅವಳು ನಗುತ್ತಾ ಹೇಳಿದಳು. ನನಗೆ ಮೈ ಉರಿಯಿತು.

ದುಡ್ಡಿನ ವಿಷಯ ಇನ್ನೊಂದು. ಮೆಕ್ಸಿಕೋದ ಪೆಸೊಗೂ ಅಮೆರಿಕದ ಡಾಲರಿಗೂ ಬರೆಯುವ ಚಿಹ್ನೆ ಒಂದೇ. ಮೂರು ಸಾವಿರ ಎಂದು ಕಂಡರೆ ಮೊದಲು ಎದೆ ಹಿಡಿದುಕೊಳ್ಳಬೇಕು, ಆಮೇಲೆ ಪೆಸೊ ಎಂದು ತಿಳಿದು ಉಸಿರು ಬಿಡಬೇಕು. ಅಷ್ಟರಲ್ಲಿ ಕೊನೆಯ ಪುಟದಲ್ಲಿ 16% ವ್ಯಾಟ್, ರಾಜ್ಯದ ವಸತಿ ತೆರಿಗೆ, ಊರಿನವರ ಪರಿಸರ ಶುಲ್ಕ ಬಂದು ಕೂರುತ್ತವೆ. ಉಸಿರು ಮತ್ತೆ ಒಳಗೆ.

ಇಷ್ಟಾದರೂ ಬುಕ್ ಮಾಡಿಯೇ ಬಿಡುತ್ತಿದ್ದೆವೋ ಏನೋ. ಅಡ್ಡ ಬಂದದ್ದು ಕಾಲುಂಗುರ.

ನನ್ನದಲ್ಲ, ಕನ್ನಡ ಕೂಟದ ಗೆಳತಿಯದ್ದು. ದಾವಣಗೆರೆಯವಳು. ಮದುವೆಯಾಗಿ ಹತ್ತು ವರ್ಷ ತುಂಬಿದ್ದಕ್ಕೆ ಅವಳ ಅತ್ತೆ ಚೌಕಿಪೇಟೆಯ ತಮ್ಮ ಹಳೇ ಅಕ್ಕಸಾಲಿಯ ಹತ್ತಿರ ಹೊಸ ಕಾಲುಂಗುರ ಮಾಡಿಸಿ ಕಳಿಸಿದ್ದರು. ಅದನ್ನು ಹಾಕಿಕೊಂಡು ಇವಳು, ಗಂಡ, ಇಬ್ಬರು ಮಕ್ಕಳು ಜುಲೈನಲ್ಲಿ ಅದೇ ಕಡಲತೀರಕ್ಕೆ ಹೋದರು. ಫೋಟೋದಲ್ಲಿ ನೀರು ನೀಲಿ. ಹೋಗಿ ನೋಡಿದರೆ ದಡದುದ್ದಕ್ಕೂ ಮೊಣಕಾಲೆತ್ತರ ಕಂದು ಪಾಚಿಯ ರಾಶಿ. ಸರ್ಗಾಸಮ್ ಎಂದು ಹೆಸರು. ಗಾಳಿ ತುಂಬಿದ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ, ಅದರ ಬಲದಿಂದ ತೇಲುತ್ತಾ ಅಟ್ಲಾಂಟಿಕ್ ದಾಟಿ ಬರುತ್ತದೆ. 1492ರಲ್ಲಿ ಕೊಲಂಬಸ್ ಕೂಡ ಇದನ್ನು ಕಂಡಿದ್ದ. ಆದರೆ ಆಗ ಅದು ತನ್ನ ಪಾಡಿಗೆ ನಡುಗಡಲಿನಲ್ಲಿತ್ತು. 2011ರಿಂದ ಈಚೆಗೆ ಕೆರಿಬಿಯನ್ ದಡಗಳಿಗೆ ರಾಶಿ ರಾಶಿ ನುಗ್ಗುತ್ತಿದೆ. 2018ರ ಜೂನ್‌ನಲ್ಲಿ ಉಪಗ್ರಹದಿಂದ ಅಳೆದಾಗ ಆಫ್ರಿಕಾದ ಕಡೆಯಿಂದ ಮೆಕ್ಸಿಕೋ ಕೊಲ್ಲಿಯವರೆಗೆ 8850 ಕಿಲೋಮೀಟರ್ ಉದ್ದದ ಪಟ್ಟಿ, 2 ಕೋಟಿ ಟನ್ನಿಗೂ ಜಾಸ್ತಿ ತೂಕ. ಬೇಸಿಗೆಯ ತಿಂಗಳುಗಳಲ್ಲೇ ಇದರ ಹಾವಳಿ ಹೆಚ್ಚು. ಮಕ್ಕಳ ಸ್ಕೂಲಿಗೆ ರಜೆ ಇರುವುದೂ ಆಗಲೇ.

ದಡದ ಮೇಲೆ ಕೊಳೆಯಲು ಶುರುವಾದರೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಗೆಳತಿ ಜನ್ಮದಲ್ಲಿ ಮೊಟ್ಟೆ ಒಡೆದವಳಲ್ಲ, ಇದು ಇಂಥದರ ವಾಸನೆ ಎಂದು ಅವಳಿಗೆ ಗಂಡನೇ ಹೇಳಬೇಕಾಯಿತು. ಒಂದು ಬೆಳಿಗ್ಗೆ ಎದ್ದು ನೋಡುತ್ತಾಳೆ, ಕಾಲುಂಗುರ ಕಪ್ಪಗಾಗಿದೆ. ಸುಮ್ನೆ ಮಂಕಾಗಿದ್ದಲ್ಲ, ಬಾಣಲೆಯ ತಳದ ಬಣ್ಣ.

ಇವಳು ಮಾಡಬಾರದ ಕೆಲಸ ಒಂದೇ ಇತ್ತು. ಅದನ್ನೇ ಮಾಡಿದಳು. ತಾಯಿಗೆ ಫೋನ್ ಮಾಡಿ, "ಅಮ್ಮಾ, ಇದು ಬೆಳ್ಳಿನೇ ಅಲ್ಲ ಅನ್ಸುತ್ತೆ" ಎಂದಳು. ತಾಯಿ ತನ್ನ ತಂಗಿಗೆ ಹೇಳಿದಳು. ಯಾರಿಗೂ ಹೇಳಬೇಡ ಎಂದೇ ಹೇಳಿದಳಂತೆ. ಆ ತಂಗಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದಳು. ಅಲ್ಲಿ ಪಕ್ಕದ ಕುರ್ಚಿಯಲ್ಲಿ ಗೆಳತಿಯ ಅತ್ತೆಯ ಓರಗಿತ್ತಿ. ಹೋಳಿಗೆ ಬಡಿಸುವ ಹೊತ್ತಿಗೆ ಸುದ್ದಿ ಮನೆ ಮುಟ್ಟಿತ್ತು.

ಮೆಕ್ಸಿಕೋದಲ್ಲಿ ಇನ್ನೂ ಬೆಳಗಾಗಿಲ್ಲ, ವಿಡಿಯೋ ಕಾಲ್. "ನಾವು ಕಲಬೆರಕೆ ಬೆಳ್ಳಿ ಕೊಟ್ಟಿದೀವಿ ಅಂದ್ಯಂತಲ್ಲಮ್ಮಾ?" ಎಂದು ಅತ್ತೆ. ಅವರ ಹಿಂದೆ ಹಜಾರದಲ್ಲಿ ಅಕ್ಕಸಾಲಿಯೇ ಕೂತಿದ್ದಾನೆ! ಮೂರು ತಲೆಮಾರಿನಿಂದ ಆ ಮನೆಗೆ ಮಾಡಿಕೊಟ್ಟವನು. ಕಾಲುಂಗುರವನ್ನು ಕ್ಯಾಮೆರಾಗೆ ಹಿಡಿಯಿರಿ ಎಂದ. ಹಿಡಿದಳು. ಇನ್ನೂ ಹತ್ತಿರ ಎಂದ. ಮೆಕ್ಸಿಕೋದ ಹೋಟೆಲಿನ ಮಂಚದ ಮೇಲೆ ಕೂತು, ನಿದ್ದೆಗಣ್ಣಿನಲ್ಲಿ ಕಾಲ ಬೆರಳನ್ನು ಫೋನಿಗೆ ತೋರಿಸುತ್ತಾ ಅವಳು ಅತ್ತುಬಿಟ್ಟಳು.

ಗಂಡ ಆಗ ಬಾಯಿ ಬಿಟ್ಟ. ಅವನು ಹ್ಯೂಸ್ಟನ್‌ನಲ್ಲಿ ರಿಫೈನರಿಯ ಇಂಜಿನಿಯರು. ಅದೇ ಅನಿಲದ ಭಯಕ್ಕೆ ಕೆಲಸದ ಜಾಗದಲ್ಲಿ ಅಂಗಿಗೆ ಮೀಟರು ಸಿಕ್ಕಿಸಿಕೊಂಡೇ ಓಡಾಡುವವನು. ಮೂಗಿಗೆ ಬಡಿದ ಕೂಡಲೇ ಅವನಿಗೆ ಗೊತ್ತಾಗಿತ್ತು. ಅನಿಲ ಎಂದು ಹೇಳಿದರೆ ರೂಮಿನ ದುಡ್ಡು ವಾಪಸ್ ಕೇಳು ಎಂದು ಹೆಂಡತಿ ರಿಸೆಪ್ಷನ್ನಿಗೆ ಅಟ್ಟುತ್ತಾಳೆ ಎಂದು ಸುಮ್ಮನಿದ್ದ. ಈಗ ಫೋನ್ ಕಸಿದುಕೊಂಡು, ಆ ಅನಿಲ ತಾಗಿದರೆ ಬೆಳ್ಳಿಯ ಮೇಲೆ ಕಪ್ಪು ಪದರ ಕೂರುತ್ತದೆ, ಬೆಳ್ಳಿಯಾದ್ದರಿಂದಲೇ ಕಪ್ಪಾಯಿತು, ಸ್ಟೀಲಾಗಿದ್ದರೆ ಹಾಗೇ ಹೊಳೆಯುತ್ತಿತ್ತು ಎಂದು ಪಾಠ ಮಾಡಿದ. ಅಕ್ಕಸಾಲಿ ಎದ್ದು ನಿಂತು, "ಹುಣಸೆಹಣ್ಣು ಹಾಕಿ ತಿಕ್ಕಿ ತಾಯಿ" ಎಂದು ಹೇಳಿ ಚಹಾ ಕೂಡ ಕುಡಿಯದೆ ಹೊರಟುಹೋದ. ಅಂಗಡಿಯಲ್ಲಿ ಇವರಿಗೆ ಸಿಕ್ಕಿದ್ದು ಸಕ್ಕರೆ, ಉಪ್ಪು, ಖಾರದ ಪುಡಿ ಸೇರಿಸಿದ ಹುಣಸೆ ಮಿಠಾಯಿ. ಅದನ್ನೇ ತಿಕ್ಕಿದಳು. ಕಪ್ಪು ಅರ್ಧ ಹೋಯಿತು, ಕಾಲ ಬೆರಳು ಸಂಜೆಯವರೆಗೆ ಉರಿಯಿತು. ಜಗತ್ತಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಬೆಳ್ಳಿ ತೆಗೆಯುವ ದೇಶ ಮೆಕ್ಸಿಕೋ. ಬೆಳ್ಳಿ ಅಂಗಡಿಯ ಹುಡುಗಿ ಬಟ್ಟೆ ಹಿಡಿದು ಒಂದೊಂದೇ ಸರ ಒರೆಸುತ್ತಾ ಕೂತಿದ್ದನ್ನು ಇವಳು ಬಂದ ದಿನವೇ ನೋಡಿದ್ದಳು. ಯಾಕೆ ಎಂದು ಕೇಳಿರಲಿಲ್ಲ.

ಅತ್ತೆ ಸೊಸೆ ಈಗ ಮಾತಾಡುತ್ತಾರೆ. ಬೆಳ್ಳಿಯ ವಿಷಯ ಬಿಟ್ಟು.

ಈ ಕಥೆ ಕೇಳಿದ ಮೇಲೆ ನಮ್ಮತ್ತೆ ಹೋಟೆಲಿನ ಫೋಟೋ ನಂಬುವುದನ್ನು ಬಿಟ್ಟರು. ಆ ಕಡಲತೀರಗಳಿಗೆ ನೇರಪ್ರಸಾರದ ಕ್ಯಾಮೆರಾಗಳಿವೆ ಎಂದು ಮೊಮ್ಮಗಳು ತೋರಿಸಿಕೊಟ್ಟಳು. ಈಗ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಕಾಫಿ ಹಿಡಿದು, ಸೀದಾ ಮೆಕ್ಸಿಕೋ. ಟೊಪ್ಪಿ ಹಾಕಿದ ಒಬ್ಬ ಮುದುಕ ಕವಲುಗೋಲಿನಿಂದ ಪಾಚಿ ಎತ್ತಿ ತಳ್ಳುಗಾಡಿಗೆ ತುಂಬುತ್ತಾನೆ. ತಳ್ಳುಗಾಡಿಯ ಚಕ್ರ ಮರಳಿನಲ್ಲಿ ಹೂತುಕೊಳ್ಳುತ್ತದೆ. ಹಿಂದಕ್ಕೆ ಎಳೆದು ಮತ್ತೆ ತಳ್ಳುತ್ತಾನೆ. ಅವನು ಹೊತ್ತು ಹೋಗಿ ಬರುವಷ್ಟರಲ್ಲಿ ಅಲೆ ಅಷ್ಟನ್ನೇ ಮತ್ತೆ ತಂದು ಹಾಕಿರುತ್ತದೆ. "ಪಾಪ, ಅವನಿಗೆ ಇವತ್ತು ರಜೆ ಇಲ್ವಾ?" ಎಂದು ಭಾನುವಾರ ಕೇಳಿದರು. ಸರ್ಕಾರ ನೌಕಾಪಡೆಯನ್ನೇ ಇಳಿಸಿ ಕಡಲಿನಲ್ಲಿ ಬೇಲಿ ಹಾಕಿಸಿದೆ. ಪ್ಯೂರ್ಟೊ ಮೊರೆಲೊಸ್ ಊರಿನ ನರ್ಸರಿಯವರೊಬ್ಬರು ಈ ಪಾಚಿಯಿಂದ ಇಟ್ಟಿಗೆ ಮಾಡಿ ಒಂದು ಮನೆಯನ್ನೇ ಕಟ್ಟಿ, ಅದಕ್ಕೆ ತಾಯಿಯ ಹೆಸರಿಟ್ಟರು. ಇದನ್ನು ಹೇಳಿದಾಗ ನಮ್ಮತ್ತೆ ಮಗನ ಕಡೆ ತಿರುಗಿ ಒಂದು ನೋಟ ನೋಡಿದರು. ಇವರು ಎದ್ದು ಹೋಗಿ ಫ್ರಿಜ್ಜಿನಲ್ಲಿ ಏನೋ ಹುಡುಕಿದರು.

ನನಗೆ ನಿಜವಾಗಿ ಸಿಟ್ಟು ಬರುವುದು ಪಾಚಿಯ ಮೇಲಲ್ಲ, ಅದಕ್ಕೇನು ಗೊತ್ತು. ಮೆಕ್ಸಿಕೋದಲ್ಲಿ ಕಡಲತೀರ ಯಾರ ಸ್ವತ್ತೂ ಅಲ್ಲ. ಉಬ್ಬರದ ಗೆರೆಯಿಂದ ಒಳಕ್ಕೆ 20 ಮೀಟರ್ ಸರ್ಕಾರದ ಜಾಗ, ಮರಳಿನ ಮೇಲೆ ನಡೆಯುವ ಹಕ್ಕು ಎಲ್ಲರಿಗೂ ಇದೆ. ಆದರೆ ಎಷ್ಟೋ ಕಡೆ ಮರಳಿಗೆ ಹೋಗುವ ದಾರಿ ಹೋಟೆಲಿನ ಒಳಗಿಂದ! ಗೇಟಿನಲ್ಲಿ ನಿಂತವನು ಊಟಕ್ಕೆ ಇಷ್ಟು, ಕುರ್ಚಿಗೆ ಇಷ್ಟು ಕಟ್ಟಿ ಎನ್ನುತ್ತಾನೆ. ಆ ತಳ್ಳುಗಾಡಿಯ ಮುದುಕ ತನ್ನ ಮೊಮ್ಮಕ್ಕಳನ್ನು ಅದೇ ಮರಳಿಗೆ ಕರೆತರಬೇಕೆಂದರೆ ಎಲ್ಲಿಂದ ಸುತ್ತಿ ಬರಬೇಕೋ. ಇದನ್ನು ಯಾವ ರಿವ್ಯೂನಲ್ಲೂ ಯಾರೂ ಬರೆಯುವುದಿಲ್ಲ. ದಿಂಬು ಮೆತ್ತಗಿತ್ತು, ಐದು ಸ್ಟಾರ್. ಮಳೆ ಬಂತು, ಒಂದು ಸ್ಟಾರ್. ಮಳೆ ಬಂದದ್ದಕ್ಕೆ ಹೋಟೆಲಿಗೆ ಒಂದು ಸ್ಟಾರ್ ಕೊಡುವವರ ಮನೆಯವರನ್ನು ನೆನೆದು ಮರುಕವಾಗುತ್ತದೆ.

ಪೆಸಿಫಿಕ್ ಕಡೆ ನೋಡೋಣ, ಅಲ್ಲಿ ಈ ಪಾಚಿಯ ಕಾಟ ಇಲ್ಲ ಎಂದು ವಹಾಕಾ ರಾಜ್ಯದ ಕರಾವಳಿ ತೆರೆದೆವು. ಪ್ಯೂರ್ಟೊ ಎಸ್ಕೊಂಡಿಡೊ. ಅಲ್ಲಿಯ ಸಿಕಾಟೇಲಾ ದಡದ ಅಲೆಗಳನ್ನು ಹುಡುಕಿಕೊಂಡು ಸರ್ಫಿಂಗ್ ಮಾಡುವವರು ಜಗತ್ತಿನ ಮೂಲೆ ಮೂಲೆಯಿಂದ ಬರುತ್ತಾರೆ. ಅಂದರೆ ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ತೋಯಿಸುವವರಿಗೆ ಹೇಳಿದ ಜಾಗ ಅಲ್ಲ. ಸ್ವಲ್ಪ ಮುಂದೆ ಸಿಪೊಲಿಟೆ, ಚೆಂದದ ಪುಟ್ಟ ಹೋಟೆಲುಗಳು, ಬಾಡಿಗೆಯೂ ಕಮ್ಮಿ. ಮೂರನೇ ಫೋಟೋದಲ್ಲಿ ತಿಳಿಯಿತು, ಅದು ಬಟ್ಟೆಯ ಹಂಗಿಲ್ಲದವರ ಕಡಲತೀರ. ನಮ್ಮನೆಯವರು ಲ್ಯಾಪ್‌ಟಾಪನ್ನೇ ಮುಚ್ಚಿದರು. "ಅಷ್ಟು ಗಾಬರಿ ಯಾಕೋ? ಉಡುಪಿ ಕಡೆ ಮೀನುಗಾರರು ಲಂಗೋಟಿಯಲ್ಲಿ ಇರ್ತಿರಲಿಲ್ವಾ?" ಎಂದು ಅತ್ತೆ. ಲಂಗೋಟಿಯೂ ಇಲ್ಲ ಎಂದು ಯಾರು ಹೇಳಬೇಕು?

ಹೊಲ್‌ಬೋಶ್ ದ್ವೀಪದಲ್ಲಿ ಕಾರುಗಳಿಲ್ಲ, ಗಾಲ್ಫ್ ಗಾಡಿಗಳಲ್ಲೇ ಓಡಾಟ. ಮಳೆ ಬಂದರೆ ಮರಳಿನ ಬೀದಿಗಳು ಹೊಂಡ. ಅದನ್ನೂ ಬಿಟ್ಟೆವು. ಊಟದ ಚಿಂತೆ ಬೇರೆ. ಹುರುಳಿಯಂಥ ಕಪ್ಪು ಕಾಳಿನ ಪಲ್ಯ ನೋಡಲು ಸಾತ್ವಿಕ, ಆದರೆ ಎಷ್ಟೋ ಕಡೆ ಒಗ್ಗರಣೆ ಹಂದಿಯ ಕೊಬ್ಬಿನಲ್ಲಿ. ಅತ್ತೆ ಆಗಲೇ ಚಟ್ನಿಪುಡಿ, ಅವಲಕ್ಕಿ ಕಟ್ಟಿಟ್ಟಿದ್ದಾರೆ.

ಸದ್ಯಕ್ಕೆ ಎಲ್ಲರೂ ಒಪ್ಪಿರುವುದು ಬಕಲಾರ್. ತುಲುಮ್‌ನಿಂದ ದಕ್ಷಿಣಕ್ಕೆ, ಬೆಲೀಜ್ ಗಡಿಯ ಹತ್ತಿರ. ಏಳು ಬಗೆಯ ನೀಲಿ ಬಣ್ಣ, ಅಲೆ ಇಲ್ಲ, ಪಾಚಿಯ ರಾಶಿ ಇಲ್ಲ, ಉಪ್ಪೂ ಇಲ್ಲ. ಯಾಕೆಂದರೆ ಅದು ಸಮುದ್ರವೇ ಅಲ್ಲ, ಸಿಹಿನೀರಿನ ಸರೋವರ. ಮರಳ ದಂಡೆಯೂ ಇಲ್ಲ, ಮರದ ಅಟ್ಟಣೆಯಿಂದ ಸೀದಾ ನೀರಿಗೆ ಇಳಿಯಬೇಕು. ಮಗಳು ಈಜಲಿ, ನಾವು ಅಟ್ಟಣೆಯ ಮೇಲೆ ಅವಲಕ್ಕಿ ತಿನ್ನೋಣ ಎಂದು ಅತ್ತೆ ತೀರ್ಮಾನಿಸಿದ್ದಾರೆ. ನೀರಿನಲ್ಲಿ ಬಂಡೆಯ ಹಾಗೆ ಕಾಣುವ ಸೂಕ್ಷ್ಮಜೀವಿಗಳ ಗುಡ್ಡೆಗಳಿವೆ, ಅವು ಹಾಳಾಗುತ್ತವೆ ಎಂದು ಸನ್‌ಸ್ಕ್ರೀನ್ ಹಚ್ಚಬೇಡಿ ಎನ್ನುತ್ತಾರೆ. ಬುಧವಾರ ಸರೋವರಕ್ಕೂ ರಜೆಯಂತೆ, ಬೋಟ್ ಬಿಡುವುದಿಲ್ಲವಂತೆ. ನಾವು ತಲುಪುವುದು ಮಂಗಳವಾರ ರಾತ್ರಿ. ಟಿಕೆಟ್ಟಿನ ತಾರೀಖು ಬದಲಿಸಲು ಎಷ್ಟು ಕೇಳುತ್ತಾರೆ ಎಂದು ನಮ್ಮನೆಯವರು ಫೋನಿನಲ್ಲಿ ಇದ್ದಾರೆ, ಅರ್ಧ ಗಂಟೆಯಿಂದ ಅದೇ ಹಾಡು ಕೇಳಿಸುತ್ತಿದೆ.