ತುಳಸಿ ರಾತ್ರಿಯೂ ಆಮ್ಲಜನಕ ಕೊಡುತ್ತಾ?

ಡೊಂಬಿವಲಿಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿಗೆ ಮೊನ್ನೆ ಮತ್ತೆ ಅದೇ ಸಂದೇಶ ಬಂತು: ತುಳಸಿ ದಿನಕ್ಕೆ 20 ಗಂಟೆ ಆಮ್ಲಜನಕ, 4 ಗಂಟೆ ಓಝೋನ್ ಬಿಡುತ್ತದೆ, ಕುಂಡವನ್ನು ಮಲಗುವ ಕೋಣೆಯಲ್ಲಿಡಿ.

ಹಾಗೇನಿಲ್ಲ. ಗಿಡ ಆಮ್ಲಜನಕ ತಯಾರಿಸಲು ಬೆಳಕು ಬೇಕು. ಕತ್ತಲಾದ ಮೇಲೆ ತುಳಸಿಯೂ ನಮ್ಮ ಹಾಗೇ ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಒಂದು ಕುಂಡದ ಮಟ್ಟಿಗೆ ಅದು ತೀರಾ ಕಡಿಮೆ, ಹೆದರಬೇಡಿ. ಓಝೋನ್ ಮಾತ್ರ ಆಕಾಶದಲ್ಲಿ ಎತ್ತರದಲ್ಲಿದ್ದರೇ ಚೆನ್ನ. ಉಸಿರಿಗೆ ಸಿಕ್ಕರೆ ಗಂಟಲು ಕೆರೆತ, ಕೆಮ್ಮು. ತುಳಸಿ ನಿಜಕ್ಕೂ ಅದನ್ನು ಬಿಡುತ್ತಿದ್ದರೆ ಕಟ್ಟೆಯ ಹತ್ತಿರ ಯಾರೂ ಕೂರುತ್ತಿರಲಿಲ್ಲ, ಅಲ್ವಾ?

ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡಿ. ಲವಂಗದ ಹಾಗೆ ಘಮ್ಮೆನ್ನುತ್ತದೆ. ಎರಡರಲ್ಲೂ ಇರುವ ಯೂಜಿನಾಲ್ ಎಂಬ ಅಂಶದ ವಾಸನೆ ಅದು. ಮಳೆಗಾಲದ ನೆಗಡಿಗೆ ಅಮ್ಮ ತುಳಸಿ, ಶುಂಠಿ, ಕಾಳುಮೆಣಸು, ಬೆಲ್ಲ ಹಾಕಿ ಕಷಾಯ ಕುದಿಸುತ್ತಾರೆ. ಪಕ್ಕದ ಮನೆಯ ಮರಾಠಿ ಆಜಿ ಅದನ್ನೇ ಕಾಢಾ ಅನ್ನುತ್ತಾರೆ. ಬಿಸಿಬಿಸಿ ಕುಡಿದರೆ ಗಂಟಲಿಗೆ ಹಿತ, ಅಷ್ಟೇ. ಜ್ವರ ಇಳಿಯದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು.

ಕುಂಡ ಬಿಸಿಲು ಬೀಳುವ ಕಿಟಕಿಯ ಗ್ರಿಲ್‌ನಲ್ಲೇ ಇರಲಿ, ತೆನೆ ಬಂದಾಗ ಚಿವುಟುತ್ತಿರಿ. ನಾವು ಒಮ್ಮೆ ಸುಮ್ನೆ ಒಳಗಿಟ್ಟು ನೋಡಿದೆವು. ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು.