ಗೋಮಾಳಕ್ಕೂ ಸರದಿ ಬೇಕು, ಸರದಿ ಪಾಲಿಸುವ ಊರಿಗೆ ಪ್ರೋತ್ಸಾಹಧನವೂ ಬೇಕು

ಮಂಡ್ಯ ಜಿಲ್ಲೆಯೆಂದರೆ ಹೊರಗಿನವರಿಗೆ ನೆನಪಾಗುವುದು ವಿಶ್ವೇಶ್ವರಯ್ಯ ನಾಲೆಯ ಕಬ್ಬು ಮತ್ತು ಭತ್ತ. ಆದರೆ ನಾಗಮಂಗಲದ ಮಳೆಯಾಶ್ರಿತ ಊರುಗಳಲ್ಲಿ, ಮೇಲುಕೋಟೆಯ ಆಸುಪಾಸಿನಲ್ಲಿ, ಮಳವಳ್ಳಿಯ ನಾಲೆ ಮುಟ್ಟದ ಹಳ್ಳಿಗಳಲ್ಲಿ ಹಳ್ಳಿಕಾರ್ ದನಗಳೂ ಕುರಿ ಮೇಕೆಗಳೂ ಇಂದಿಗೂ ಗೋಮಾಳವನ್ನೇ ನಂಬಿವೆ. ಅಲ್ಲಿ ಹುಲ್ಲು ಹಿಂದೆ ಸರಿದು, ದನ ಬಾಯಿ ಹಾಕದ ತಂಗಡಿ, ಲಂಟಾನ ಮತ್ತು ಪಾರ್ಥೇನಿಯಂ ಹಬ್ಬಿರುವುದನ್ನು ಕಂಡವರು ಸಾಮಾನ್ಯವಾಗಿ ದನಗಳ ಸಂಖ್ಯೆಯನ್ನು ದೂರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಸಂಖ್ಯೆಗಿಂತ ದೊಡ್ಡ ತೊಂದರೆ ಬಿಡುವಿಲ್ಲದ ಮೇಯಿಸುವಿಕೆ.

ಮುಂಗಾರಿನ ಮೊದಲ ಹದಕ್ಕೆ ಚಿಗುರುವ ಬಹುವಾರ್ಷಿಕ ಹುಲ್ಲು ಬೇರಿನಲ್ಲೂ ಬುಡದಲ್ಲೂ ಕೂಡಿಟ್ಟುಕೊಂಡ ಸತ್ವದಿಂದಲೇ ತಲೆಯೆತ್ತುತ್ತದೆ. ಎಲೆ ಬಲಿತು ಆ ಸಾಲ ತೀರುವ ಮೊದಲೇ ಅದನ್ನು ಮತ್ತೆ ಮತ್ತೆ ಮೇಯಿಸಿದರೆ ಬೇರಿನ ಬೆಳವಣಿಗೆ ನಿಲ್ಲುತ್ತದೆ, ಮಣ್ಣು ಬತ್ತಲಾಗುತ್ತದೆ, ಬಿದ್ದ ಮಳೆ ಇಂಗದೆ ಹರಿದು ಹೋಗುತ್ತದೆ. ಅರ್ಧ ಮೇಯಿಸಿ ಅರ್ಧ ಉಳಿಸಬೇಕೆಂದು ತಜ್ಞರು ಹೇಳುವುದು ಇದೇ ಕಾರಣಕ್ಕೆ. ದನ ನಾಲಿಗೆಯಿಂದ ಸುತ್ತಿ ಎಳೆದು ಮೇಯುವುದರಿಂದ ಸ್ವಲ್ಪವಾದರೂ ಬುಡ ಉಳಿಯುತ್ತದೆ. ಅದರ ಹಿಂದೆಯೇ ಕುರಿಮಂದೆ ಬಂದರೆ ನೆಲಮಟ್ಟಕ್ಕೆ ಕಚ್ಚಿ ಅದನ್ನೂ ಮುಗಿಸುತ್ತದೆ. ಗೋಮಾಳವನ್ನು ಮೂರು ನಾಲ್ಕು ಭಾಗ ಮಾಡಿ, ಒಂದೊಂದು ವರ್ಷ ಒಂದೊಂದು ಭಾಗವನ್ನು ಹುಲ್ಲು ಬೀಜ ಕಟ್ಟಿ ಉದುರಿಸುವ ತನಕ ಮುಟ್ಟದೆ ಬಿಡುವುದು ಇದಕ್ಕೆ ಪರಿಹಾರ. ತಂತಿಬೇಲಿಯ ಖರ್ಚೂ ಬೇಕಿಲ್ಲ. ಊರು ಒಪ್ಪಿದರೆ ದನ ಕಾಯುವವರೇ ಬೇಲಿ.

ಇದು ಪರದೇಶದಿಂದ ಬಂದ ಪಾಠವೇನಲ್ಲ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡಿತು. ಅದರ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ದನಗಳನ್ನು ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೊಡೆಯುತ್ತಿದ್ದರು. ಸೈನ್ಯದ ಬಂಡಿ ಎಳೆಯುವ ಎತ್ತುಗಳನ್ನು ಸಾಕಿದ್ದು ಈ ಶಿಸ್ತೇ.

ಹಾಗಾದರೆ ಇಂದಿನ ರೈತ ಏಕೆ ಪಾಲಿಸುವುದಿಲ್ಲ? ನಾನೊಬ್ಬ ನನ್ನ ಹಸುವನ್ನು ತಡೆದರೆ ಪಕ್ಕದ ಮನೆಯ ಹಸು ಆ ಹುಲ್ಲನ್ನು ಮೇಯುತ್ತದೆ, ಅಷ್ಟೇ. ಅದಕ್ಕಿಂತ ಕಹಿಯಾದ ಸತ್ಯವೆಂದರೆ, ಖಾಲಿ ಬಿಟ್ಟ ಭಾಗ ಮೊದಲು ಕಾಣುವುದು ಒತ್ತುವರಿದಾರರ ಕಣ್ಣಿಗೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ನಿಯಮ ಹಾಗಿದ್ದರೂ, ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಲು ಅರ್ಜಿ ಕರೆದಾಗಲೆಲ್ಲ ಊರಿನ ಕಣ್ಣು ಹೋಗುವುದು ಅದೇ ಜಾಗದ ಮೇಲೆ. ನಾಳೆ ಉಳಿಯುತ್ತದೆಂಬ ಭರವಸೆಯಿಲ್ಲದ ನೆಲದಲ್ಲಿ ಹುಲ್ಲು ಉಳಿಸಿ ಎಂದು ಶಿಬಿರ ನಡೆಸಿ ಊಟ ಹಾಕಿ ಕಳಿಸಿದರೆ ಯಾರು ಕೇಳುತ್ತಾರೆ?

ಆದ್ದರಿಂದ ಪ್ರೋತ್ಸಾಹವನ್ನು ಒಬ್ಬೊಬ್ಬ ರೈತನಿಗಲ್ಲ, ಊರಿಗೆ ಕೊಡಬೇಕು. ಹಾಲಿನ ಪ್ರೋತ್ಸಾಹಧನ ಡೇರಿಗೆ ಹಾಕಿದ ಲೀಟರ್ ಲೆಕ್ಕದಲ್ಲಿ ಬರುವುದರಿಂದ, ಅದು ಸಹಜವಾಗಿ ಹೆಚ್ಚು ಹಾಲು ಕೊಡುವ ಸೀಮೆಹಸುವಿನ ಕಡೆ ವಾಲುತ್ತದೆ. ಉಳುಮೆಗೆಂದು ಹಳ್ಳಿಕಾರ್ ಕಟ್ಟಿರುವ ಮನೆಗೆ ಅದರಿಂದ ದಕ್ಕುವುದು ಅಲ್ಪ. ಅದರ ಜೊತೆಗೆ, ಗೋಮಾಳದ ಸರದಿಯನ್ನು ಗ್ರಾಮಸಭೆಯಲ್ಲಿ ಬರೆದು ಪಾಲಿಸಿದ ಊರಿಗೆ ಸಾಮೂಹಿಕ ಮೊತ್ತವೊಂದನ್ನು ಕೊಡಲಿ. ಅದರಿಂದ ನೀರಿನ ತೊಟ್ಟಿಗಳನ್ನು ಕಟ್ಟಿಸಬಹುದು, ಲಂಟಾನ ಕೀಳಿಸಬಹುದು, ದನ ಕಾಯುವವರಿಗೆ ಕೂಲಿ ಕೊಡಬಹುದು. ಇಷ್ಟಕ್ಕೂ ಮೊದಲು ತಾಲ್ಲೂಕು ಆಡಳಿತ ಗೋಮಾಳವನ್ನು ಅಳೆದು ಗಡಿಕಲ್ಲು ನೆಡಬೇಕು. ಆ ಕೆಲಸ ಮುಂಗಾರಿಗೆ ಮುಂಚೆ ಮುಗಿದರೆ ಅದೇ ವರ್ಷ ಒಂದು ಭಾಗಕ್ಕೆ ಬಿಡುವು ಸಿಗುತ್ತದೆ.